ಅಂಗಸಾಧನೆಯೂ ಪರಸೇವೆಯೂ

ಹೆಣ್ಣುಮಕ್ಕಳ ಪಾಠಶಾಲೆಯಲ್ಲಿ ಆಟಗಳಿಗೆ ಇಷ್ಟು ವೇಳೆಯನ್ನು ಕೊಡುವುದು ಉಚಿತವೇ ಎಂದು ತಂದೆತಾಯಿಗಳು ಆಗಾಗ ಕೇಳುವುದುಂಟು. ಮಗಳು ಹತ್ತನೆಯ ತರಗತಿಗೆ ಬಂದೊಡನೆ ಅವಳನ್ನು ಸಂಜೆಯ ಆಟದಿಂದ ಬಿಡಿಸಿ ಮನೆಪಾಠಕ್ಕೆ ಕಳುಹಿಸಲು ಅಪ್ಪಣೆ ಬೇಡುವವರೂ ಇದ್ದಾರೆ. ಅವರ ಕಳವಳವು ಸಹಜವಾದುದೇ. ಪರೀಕ್ಷೆಯು ಸಮೀಪಿಸಿರುವಾಗ ಬಯಲಿನಲ್ಲಿ ಕಳೆದ ಒಂದು ಗಂಟೆಯು ನಷ್ಟವಾದಂತೆ ತೋರುವುದು. ದೇಹವು ಸ್ವಸ್ಥವಾಗಿದ್ದರೆ ಓದು ಚೆನ್ನಾಗಿ ಹತ್ತುವುದೆಂದು ಹೇಳಿ ಅವರನ್ನು ಸಮಾಧಾನಪಡಿಸಬಹುದು. ಆ ಮಾತು ನಿಜವಾದರೂ ಸಾಲದು. ಕ್ರೈಸ್ತ ಶಾಲೆಯು ಅಂಗಸಾಧನೆಯನ್ನು ಕಲಿಸುವುದಕ್ಕೆ ಅದಕ್ಕಿಂತ ಆಳವಾದ ಕಾರಣವುಂಟು. ಅದನ್ನು ಈ ಸಂಚಿಕೆಯ ಮೂಲಕ ಪೋಷಕರ ಮತ್ತು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದಿಡಲು ಬಯಸುತ್ತೇನೆ.

ಶರೀರವನ್ನು ಕುರಿತು ಲೋಕದಲ್ಲಿ ಎರಡು ಬಗೆಯ ತಪ್ಪು ಭಾವನೆಗಳಿವೆ. ಶರೀರವು ತುಚ್ಛವಾದುದು, ಆತ್ಮದ ಚಿಂತೆಯೊಂದಿದ್ದರೆ ಸಾಕು ಎಂಬುದು ಒಂದು. ಶರೀರವೇ ಸರ್ವಸ್ವ, ಅದರ ಅಂದವನ್ನೂ ಬಲವನ್ನೂ ನಾಲ್ವರ ಮುಂದೆ ಮೆರೆಯಿಸುವುದೇ ಬಾಳಿನ ಸಾರ್ಥಕ್ಯ ಎಂಬುದು ಇನ್ನೊಂದು. ಕ್ರೈಸ್ತ ವಿಶ್ವಾಸವು ಇವೆರಡನ್ನೂ ಒಪ್ಪುವುದಿಲ್ಲ. ದೇವಕುಮಾರನು ನಮ್ಮಂತೆಯೇ ರಕ್ತಮಾಂಸಧಾರಿಯಾಗಿ ಹುಟ್ಟಿ, ಬಡಗಿಯ ಕೆಲಸವನ್ನು ಮಾಡಿ, ಗಲಿಲಾಯದ ಊರುಗಳನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿ ಸ್ವಸ್ಥಮಾಡಿದನೆಂದು ಸುವಾರ್ತೆಗಳು ಸಾರುತ್ತವೆ. ಕಡೆಯ ರಾತ್ರಿಯಲ್ಲಿ ಆತನು ಶಿಷ್ಯರ ಕಾಲುಗಳನ್ನು ತೊಳೆದುದೂ ಕೈಗಳಿಂದಲೇ. ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯಲ್ಲಿ ವಿಶ್ವಾಸಿಯ ದೇಹವು ಪವಿತ್ರಾತ್ಮನ ಆಲಯವೆಂದೂ ಅದು ನಮ್ಮ ಸ್ವಂತ ಸೊತ್ತಲ್ಲವೆಂದೂ ಬೋಧಿಸಿದ್ದಾನೆ. ಹಾಗಾದರೆ ದೇಹವು ನಮ್ಮ ವಶಕ್ಕೆ ಒಪ್ಪಿಸಲ್ಪಟ್ಟ ಗಂಟು. ಅದನ್ನು ಹಾಳುಗೆಡವುವುದಕ್ಕೂ ಪೂಜಿಸುವುದಕ್ಕೂ ನಮಗೆ ಅಧಿಕಾರವಿಲ್ಲ. ಒಡೆಯನ ಕೆಲಸಕ್ಕೆ ಅದನ್ನು ಸಿದ್ಧವಾಗಿಟ್ಟುಕೊಳ್ಳುವುದೇ ನಮ್ಮ ಕರ್ತವ್ಯ.

ನಮ್ಮ ಮಕ್ಕಳು ದಿನವೂ ಆಡುವ ಆಟಗಳಲ್ಲಿ ಕೆಲವು ಈ ವಿಚಾರದಿಂದಲೇ ಹುಟ್ಟಿದವು. ದೈವಜ್ಞಾನವನ್ನು ಅಭ್ಯಾಸಮಾಡಿದ್ದ ಜೇಮ್ಸ್ ನೈಸ್ಮಿತ್ ಎಂಬುವರು 1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ, ಚಳಿಗಾಲದಲ್ಲಿ ಒಳಗಡೆ ಆಡಬಹುದಾದ, ಒರಟುತನಕ್ಕೆ ಎಡೆಗೊಡದ ಆಟವೊಂದನ್ನು ಕಲ್ಪಿಸಿದರು. ಎತ್ತರದಲ್ಲಿ ಹಣ್ಣಿನ ಬುಟ್ಟಿಗಳೆರಡನ್ನು ಕಟ್ಟಿ ಆಡಿದ ಆ ಆಟವೇ ಬ್ಯಾಸ್ಕೆಟ್‌ಬಾಲ್. 1895ರಲ್ಲಿ ವಾಲಿಬಾಲನ್ನು ಕಲ್ಪಿಸಿದ ವಿಲಿಯಂ ಮಾರ್ಗನ್ನರೂ ಅದೇ ಸಂಘದವರು. ದೇಹ, ಬುದ್ಧಿ, ಆತ್ಮಗಳು ಮೂರೂ ಸೇರಿದರೇ ಪೂರ್ಣ ಮನುಷ್ಯನೆಂಬುದನ್ನು ಆ ಸಂಘದ ತ್ರಿಕೋಣದ ಚಿಹ್ನೆಯು ಸೂಚಿಸುವುದು. ಈ ತತ್ತ್ವವನ್ನು ನಮ್ಮ ನಾಡಿಗೆ ತಂದವರಲ್ಲಿ ಹ್ಯಾರಿ ಕ್ರೋ ಬಕ್ ಪ್ರಮುಖರು. ಅವರು 1920ರಲ್ಲಿ ಮದರಾಸಿನಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿ ಶಾಲೆಯನ್ನು ಸ್ಥಾಪಿಸಿದರು. 1924ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಿಗೆ ಭಾರತದ ತಂಡವನ್ನು ಕರೆದೊಯ್ದವರೂ ಅವರೇ.

ಅದೇ ಪ್ಯಾರಿಸ್ ಕ್ರೀಡೆಗಳಲ್ಲಿ ಓಡಿದ ಎರಿಕ್ ಲಿಡೆಲ್‌ರವರ ಚರಿತ್ರೆಯು ನಮ್ಮ ವಿಷಯಕ್ಕೆ ಒಳ್ಳೆಯ ನಿದರ್ಶನ. ಅವರು 1902ರಲ್ಲಿ ಚೀನಾದ ತಿಯೆನ್‌ಸಿನ್ ಪಟ್ಟಣದಲ್ಲಿ ಹುಟ್ಟಿದರು. ತಂದೆತಾಯಿಗಳು ಲಂಡನ್ ಮಿಷನ್ನಿನ ಸ್ಕಾಟಿಷ್ ಮಿಷನರಿಗಳು. 1810ರಲ್ಲಿ ಜಾನ್ ಹ್ಯಾಂಡ್ಸರನ್ನು ಬಳ್ಳಾರಿಗೆ ಕಳುಹಿಸಿದ ಮಿಷನ್ನೇ ಅದು. ನೂರು ಮೀಟರ್ ಓಟವು ಲಿಡೆಲ್‌ರವರಿಗೆ ಬಹಳ ಅನುಕೂಲವಾದುದಾಗಿತ್ತು. ಆದರೆ ಅದರ ಪ್ರಾಥಮಿಕ ಸ್ಪರ್ಧೆಯು ಭಾನುವಾರ ನಡೆಯುವುದೆಂದು ತಿಳಿದಾಗ, ಕರ್ತನ ದಿನದಲ್ಲಿ ಓಡೆನೆಂದು ಅದನ್ನು ಬಿಟ್ಟುಬಿಟ್ಟರು. ಅದಕ್ಕೆ ಬದಲಾಗಿ ನಾನೂರು ಮೀಟರ್ ಓಟಕ್ಕೆ ಸಿದ್ಧರಾಗಿ, 1924ರ ಜುಲೈ 11ರಂದು 47.6 ಸೆಕೆಂಡುಗಳಲ್ಲಿ ಓಡಿ ಚಿನ್ನದ ಪದಕವನ್ನು ಪಡೆದರು. ಮರುವರ್ಷವೇ ಆ ಕೀರ್ತಿಯನ್ನೆಲ್ಲ ಹಿಂದಿಟ್ಟು, ತಿಯೆನ್‌ಸಿನ್ನಿನ ಮಿಷನ್ ಕಾಲೇಜಿಗೆ ಉಪಾಧ್ಯಾಯರಾಗಿ ಹೊರಟುಹೋದರು.

ಯುದ್ಧವು ಸಮೀಪಿಸಿದಾಗ, 1941ರಲ್ಲಿ, ಹೆಂಡತಿಮಕ್ಕಳನ್ನು ಕೆನಡಾಕ್ಕೆ ಕಳುಹಿಸಿ ತಾವು ಚೀನಾದಲ್ಲಿಯೇ ಉಳಿದರು. 1943ರಲ್ಲಿ ಜಪಾನೀಯರು ಅವರನ್ನು ವೇಶಿಯೆನ್ ಎಂಬಲ್ಲಿಯ ಶಿಬಿರದಲ್ಲಿ ಬಂಧನದಲ್ಲಿಟ್ಟರು. ತಂದೆತಾಯಿಗಳಿಂದ ಅಗಲಿದ ಅನೇಕ ಮಕ್ಕಳು ಅಲ್ಲಿದ್ದರು. ಲಿಡೆಲ್‌ರವರು ಅವರಿಗೆ ಪಾಠ ಹೇಳಿ, ಆಟಗಳನ್ನು ಏರ್ಪಡಿಸಿದರು. ಒಂದು ಭಾನುವಾರ ಹುಡುಗಹುಡುಗಿಯರು ತಾವಾಗಿಯೇ ಹಾಕಿ ಆಡಲು ಹೋಗಿ, ತೀರ್ಪುಗಾರರಿಲ್ಲದೆ ಜಗಳವಾಡಿಕೊಂಡರು. ಮುಂದಿನ ಭಾನುವಾರ ಲಿಡೆಲ್‌ರವರೇ ತೀರ್ಪುಗಾರರಾಗಿ ಬಯಲಿಗಿಳಿದರು. ತಮಗೆ ಬರಬಹುದಾಗಿದ್ದ ಪದಕಕ್ಕಾಗಿ ಆ ದಿನದ ನೇಮವನ್ನು ಮುರಿಯದವರು ಮಕ್ಕಳ ಸಮಾಧಾನಕ್ಕಾಗಿ ಅದನ್ನು ಸಡಿಲಿಸಿದರು. ತಮ್ಮ ಸವೆದ ಓಟದ ಜೋಡುಗಳನ್ನು ಚಳಿಯಲ್ಲಿ ಬರಿಗಾಲಾಗಿದ್ದ ಹುಡುಗನೊಬ್ಬನಿಗೆ ಕೊಟ್ಟುಬಿಟ್ಟರು. ಆ ಹುಡುಗನು ಮುಂದೆ ಮಿಷನರಿಯಾಗಿ ಜಪಾನಿಗೇ ಹೋದನು. 1945ರ ಫೆಬ್ರವರಿ 21ರಂದು ಮಿದುಳಿನ ಗಡ್ಡೆಯ ರೋಗದಿಂದ ಲಿಡೆಲ್‌ರವರು ಅಲ್ಲಿಯೇ ತೀರಿಕೊಂಡಾಗ ಅವರಿಗೆ 43 ವರ್ಷ. ಓಟದಿಂದ ಬಂದ ಬಲವೂ ನಿಯಮವೂ ಬಂಧನದಲ್ಲಿ ಇತರರ ಪಾಲಿಗೆ ಆಸರೆಯಾದುವು.

ಹಾಗಾದರೆ ದೇಹವು ದುರ್ಬಲವಾದವರ ಗತಿಯೇನು? ಅವರ ಬಾಳಿಗೆ ಉದ್ದೇಶವಿಲ್ಲವೇ? ಇದಕ್ಕೆ ವೆಲ್ಲೂರಿನ ಡಾಕ್ಟರ್ ಮೇರಿ ವರ್ಗೀಸರ ಜೀವನವು ಉತ್ತರ ಕೊಡುತ್ತದೆ. ಕೇರಳದಲ್ಲಿ 1925ರಲ್ಲಿ ಹುಟ್ಟಿ ವೆಲ್ಲೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತ ಈ ತರುಣಿಯು 1954ರಲ್ಲಿ ಮೋಟಾರು ಅಪಘಾತಕ್ಕೆ ಸಿಕ್ಕಿದರು. ಬೆನ್ನುಹುರಿಗೆ ಪೆಟ್ಟಾಗಿ ಎರಡು ಕಾಲುಗಳೂ ಸ್ವಾಧೀನ ತಪ್ಪಿದುವು. ಕಾಲು ಹೋದರೂ ಕೈಗಳಿವೆಯಲ್ಲ ಎಂಬ ಕಡೆಗೆ ಅವರ ಗಮನವನ್ನು ಸೆಳೆದವರು ಶಸ್ತ್ರವೈದ್ಯರಾದ ಪಾಲ್ ಬ್ರ್ಯಾಂಡ್. ಮೇರಿಯವರು ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳ ಮುದುಡಿದ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಬಳಿಕ ನ್ಯೂಯಾರ್ಕಿಗೆ ಹೋಗಿ, ಅಂಗವಿಕಲರನ್ನು ಸ್ವಾವಲಂಬಿಗಳನ್ನಾಗಿ ಮಾಡುವ ವೈದ್ಯವಿಭಾಗದಲ್ಲಿ ತರಬೇತಿ ಪಡೆದು ಬಂದರು. 1966ರಲ್ಲಿ ವೆಲ್ಲೂರಿನಲ್ಲಿ ಅಂಥವರಿಗಾಗಿಯೇ ಪುನರ್ವಸತಿ ಸಂಸ್ಥೆಯು ತೆರೆಯಲ್ಪಟ್ಟಿತು. ಉಳಿದ ಅಂಗಗಳನ್ನು ವ್ಯಾಯಾಮದಿಂದ ಬಲಪಡಿಸಿ ಮತ್ತೆ ಬದುಕಿಗೆ ಹಚ್ಚುವುದೇ ಆ ಚಿಕಿತ್ಸೆಯ ತಿರುಳು. ಇದರಿಂದ ನಾವು ಕಲಿಯತಕ್ಕದ್ದೇನು? ದೇವರು ನಮ್ಮಿಂದ ಕೇಳುವುದು ಇರುವ ಬಲದ ಲೆಕ್ಕವನ್ನೇ ಹೊರತು ಇಲ್ಲದ ಬಲದ ಲೆಕ್ಕವನ್ನಲ್ಲ. ಆದುದರಿಂದ ಓಡಲಾರದ ಹುಡುಗಿಯನ್ನೂ ಬಯಲಿನಿಂದ ಹೊರಗಿಡಬಾರದು. ಅಂಕ ಬರೆಯುವ, ತೀರ್ಪು ಹೇಳುವ, ಚಿಕ್ಕವರಿಗೆ ಕಲಿಸುವ ಕೆಲಸವು ಅವಳಿಗೂ ಉಂಟು.

ಇನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಎರಡು ಮಾತು. ನಿಮ್ಮಲ್ಲಿ ನರ್ಸುಗಳಿದ್ದೀರಿ, ಉಪಾಧ್ಯಾಯಿನಿಯರಿದ್ದೀರಿ, ತುಂಬಿದ ಸಂಸಾರದ ಭಾರವನ್ನು ಹೊತ್ತ ತಾಯಂದಿರಿದ್ದೀರಿ. ಎಲ್ಲರಿಗೂ ಬಡಿಸಿ ಉಳಿದುದನ್ನು ಉಣ್ಣುವುದು, ಬಂದ ಬೇನೆಯನ್ನು ಬಚ್ಚಿಡುವುದು, ಆಯಾಸವನ್ನು ಬಾಯಿಬಿಟ್ಟು ಹೇಳದಿರುವುದು, ಇವೇ ತ್ಯಾಗವೆಂದು ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಕಲಿಸುತ್ತ ಬಂದಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿರುವುದು ಕಂಡುಬಂದಿತು. ಪರಸೇವೆಯೆಂಬ ಹೆಸರಿನಿಂದ ಒಪ್ಪಿಸಲ್ಪಟ್ಟ ಗಂಟನ್ನು ಹೀಗೆ ಕರಗಿಸುವುದು ಸೇವೆಯಾಗಲಾರದು. ಬತ್ತಿದ ಬಾವಿಯು ಯಾರ ದಾಹವನ್ನು ತೀರಿಸೀತು? ಮನೆಯವರೊಡನೆ ಕುಳಿತು ಹೊಟ್ಟೆತುಂಬ ಉಣ್ಣಿರಿ. ರಾಗಿ, ಕಾಳು, ಸೊಪ್ಪುಗಳನ್ನು ಬಿಡಬೇಡಿರಿ. ದಿನಕ್ಕೆ ಅರ್ಧ ಗಂಟೆಯಾದರೂ ಬಿರುಸಾಗಿ ನಡೆಯಿರಿ. ರೋಗವನ್ನು ಮುಚ್ಚಿಡದೆ ವೈದ್ಯರಿಗೆ ತೋರಿಸಿರಿ.

ಪೋಷಕರಲ್ಲಿ ನನ್ನ ಬಿನ್ನಹವಿಷ್ಟೇ. ಐದರಿಂದ ಹದಿನೇಳು ವರ್ಷದವರೆಗಿನ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವಂತೆ ಆಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಓಟ, ನೆಗೆತಗಳಿಂದ ಎಲುಬು ಗಟ್ಟಿಯಾಗತಕ್ಕ ವಯಸ್ಸೂ ಇದೇ. ಈಗ ಕೂಡಿಟ್ಟ ಬಲವು ಮುಪ್ಪಿನವರೆಗೆ ಒದಗುವುದು. ಪರೀಕ್ಷೆಯ ವರ್ಷದಲ್ಲಿಯೂ ಈ ಒಂದು ಗಂಟೆಯನ್ನು ಮಗಳಿಂದ ಕಿತ್ತುಕೊಳ್ಳಬೇಡಿರಿ. ಅವಳು ದೊಡ್ಡವಳಾದ ಮೇಲೆ ಯಾವುದೋ ರೋಗಿಯನ್ನು ಹಾಸಿಗೆಯಿಂದೆತ್ತಬೇಕಾಗಬಹುದು, ಯಾರದೋ ಮಗುವನ್ನು ಹೊತ್ತು ಹೊಳೆ ದಾಟಬೇಕಾಗಬಹುದು. ಆ ದಿನಕ್ಕೆ ಅವಳ ತೋಳುಗಳು ಸಿದ್ಧವಾಗಿರಲಿ. ಅವುಗಳನ್ನು ಚಾಚುವ ಮನಸ್ಸನ್ನು ಕರ್ತನು ಅವಳಿಗೆ ಅನುಗ್ರಹಿಸಲಿ.