ಜಾರದೆ ನಿಂತ ಕೊಳವೆ

ಆಸ್ಪತ್ರೆಯಲ್ಲಿ ಮಂಚದ ಪಕ್ಕ ತೂಗುವ ಮೂತ್ರದ ಚೀಲವನ್ನು ಕಾಣದವರು ಕಡಿಮೆ. ‘ಪೈಪ್ ಹಾಕಿದ್ದಾರೆ’ ಎಂದು ಮನೆಯವರು ದನಿ ತಗ್ಗಿಸಿ ಹೇಳುವ ಆ ಕೊಳವೆ ಈಗಿನ ರೂಪಕ್ಕೆ ಬರಲು ಸಾವಿರಾರು ವರ್ಷ ಹಿಡಿಯಿತು.

ಮೂತ್ರಕೋಶದಿಂದ ಹೊರಕ್ಕಿರುವುದು ಒಂದೇ ದಾರಿ. ಗಂಡಸರಲ್ಲಿ ಅದರ ಕೊರಳನ್ನೇ ಪ್ರಾಸ್ಟೇಟ್ ಗ್ರಂಥಿ ಸುತ್ತಿಕೊಂಡಿದೆ. ವಯಸ್ಸಾದಂತೆ ಗ್ರಂಥಿ ಹಿಗ್ಗಿ ನಾಳವನ್ನು ಹಿಸುಕಬಹುದು. ಕಲ್ಲು ಅಡ್ಡ ಬಂದರೂ, ಗಾಯ ಮಾಯ್ದು ನಾಳ ಕಿರಿದಾದರೂ ಇದೇ ಕಷ್ಟ: ಉಚ್ಚೆ ಕಟ್ಟುತ್ತದೆ. ಹಾಗೆಯೇ ಬಿಟ್ಟರೆ ಒತ್ತಡ ಮೇಲಕ್ಕೇರಿ ಮೂತ್ರಪಿಂಡಗಳೂ ಕೆಡುತ್ತವೆ.

ರೋಮನ್ನರ ಪಾಂಪೆಯ ಅವಶೇಷಗಳಲ್ಲಿ ಕಂಚಿನ ಡೊಂಕು ಕೊಳವೆಗಳು ಸಿಕ್ಕಿವೆ. ದೇಹದೊಳಗಿನ ದಾರಿ ಬಳುಕುತ್ತದೆ, ಲೋಹ ಬಳುಕುವುದಿಲ್ಲ. ನೋವು ರೋಗಿಯ ಪಾಲಿಗೆ. 1752ರಲ್ಲಿ ಬೆಂಜಮಿನ್ ಫ್ರಾಂಕ್ಲಿನ್, ಮೂತ್ರಕೋಶದ ಕಲ್ಲಿನಿಂದ ನರಳುತ್ತಿದ್ದ ಅಣ್ಣ ಜಾನ್‌ಗಾಗಿ ಅಕ್ಕಸಾಲಿಗನ ಪಕ್ಕದಲ್ಲೇ ಕೂತು ಬಳುಕುವ ಬೆಳ್ಳಿ ಕೊಳವೆ ಮಾಡಿಸಿದ. ಮುಂದೆ ಗಂಧಕ ಬೆರೆಸಿ ಕಾಯಿಸಿದ ರಬ್ಬರು ಬಂತು. ಫ್ರಾನ್ಸಿನ ಶಸ್ತ್ರವೈದ್ಯ ನೆಲಾಟೋನ್ 1860ರ ದಶಕದಲ್ಲಿ ಅದರಿಂದ ಮೆತ್ತನೆಯ ಕೊಳವೆ ಮಾಡಿದ.

ಮೆತ್ತಗಾದದ್ದು ಜಾರತೊಡಗಿತು. ದಾರ ಕಟ್ಟಿ, ಪಟ್ಟಿ ಅಂಟಿಸಿ ನಿಲ್ಲಿಸಬೇಕಾಯಿತು. ಇದಕ್ಕೆ ಉತ್ತರ ಹುಡುಕಿದ್ದು ಅಮೆರಿಕದ ಫ್ರೆಡರಿಕ್ ಫೋಲಿ. ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರದ ರಕ್ತಸ್ರಾವ ತಡೆಯಲು ಕೊಳವೆಯ ತುದಿಗೆ ಪುಟ್ಟ ಬಲೂನು ಜೋಡಿಸುವುದನ್ನು 1929ರಲ್ಲಿ ವಿವರಿಸಿದ ಆತ, ಅದನ್ನೇ ತಿದ್ದಿ 1930ರ ದಶಕದಲ್ಲಿ ಜಾರದ ಕೊಳವೆಯಾಗಿಸಿದ. ಒಂದು ಕಿಂಡಿಯಲ್ಲಿ ಮೂತ್ರ ಹರಿಯುತ್ತದೆ. ಇನ್ನೊಂದರಲ್ಲಿ ಸಿರಿಂಜಿನಿಂದ ನೀರು ತುಂಬಿದರೆ ಒಳಗೆ ಬಲೂನು ಉಬ್ಬಿ ಮೂತ್ರಕೋಶದ ಬಾಯಿಗೆ ಕೂರುತ್ತದೆ. ನೀರು ಎಳೆದರೆ ಕೊಳವೆ ಹೊರಬರುತ್ತದೆ. ಪೇಟೆಂಟ್ ಜಗಳದಲ್ಲಿ ಫೋಲಿ ಸೋತ. ಕೊಳವೆಗೆ ಮಾತ್ರ ಅವನ ಹೆಸರೇ ಉಳಿಯಿತು.

ಬಹುಕಾಲ ಒಳಗಿಟ್ಟ ಕೊಳವೆ ಸೋಂಕಿಗೆ ದಾರಿ. ಹಾಗಾಗಿ 1972ರಲ್ಲಿ ವೈದ್ಯ ಜ್ಯಾಕ್ ಲ್ಯಾಪಿಡೀಸ್ ಮತ್ತು ಸಂಗಡಿಗರು ಬೇರೆ ಹಾದಿ ತೋರಿಸಿದರು: ರೋಗಿಯೇ ಕೈ ತೊಳೆದುಕೊಂಡು, ದಿನಕ್ಕೆ ಕೆಲವು ಸಲ ಕೊಳವೆ ಹಾಕಿ ಖಾಲಿ ಮಾಡಿ ತೆಗೆಯುವುದು.

ಕೊಳವೆ ಕಟ್ಟಿದ್ದನ್ನು ಹರಿಸುತ್ತದೆಯೇ ಹೊರತು ಕಟ್ಟಿಸಿದ್ದನ್ನು ತೆಗೆಯುವುದಿಲ್ಲ. ಧಾರೆ ಸಣ್ಣಗಾಗಿದೆ, ತಿಣುಕಬೇಕು, ರಾತ್ರಿ ಪದೇ ಪದೇ ಏಳಬೇಕು ಎನ್ನುವವರು ‘ವಯಸ್ಸಾಯಿತು’ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಲಿ. ಪೂರ್ತಿ ಕಟ್ಟಿ ಕಿಬ್ಬೊಟ್ಟೆ ಬಿಗಿದರೆ ಬೆಳಗಾಗಲೆಂದು ಕಾಯಬೇಡಿ, ಆಗಲೇ ಆಸ್ಪತ್ರೆಗೆ ಹೊರಡಿ.