ತಾರಸಿ ಮಳೆ ಸಂಪಿಗೆ ಇಳಿಯಲಿ

ಬೆಂಗಳೂರಿನ ತ್ಯಾಗರಾಜನಗರದ ಸಾವಿರ ಚದರಡಿ ತಾರಸಿ ಮೇಲೆ ವರ್ಷಕ್ಕೆ ಎಷ್ಟು ಮಳೆನೀರು ಬೀಳುತ್ತೆ ಗೊತ್ತಾ? ಸುಮಾರು 90 ಸಾವಿರ ಲೀಟರ್! ಅದನ್ನ ಮೋರಿಗೆ ಬಿಟ್ಟು, ನೂರು ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ತರೋ ಕಾವೇರಿಗೆ ಕಾಯ್ತೀವಿ.

ವಿಜ್ಞಾನಿ ಎ.ಆರ್. ಶಿವಕುಮಾರ್ ಇದೇ ಬೆಂಗಳೂರಿನ ವಿಜಯನಗರದಲ್ಲಿ 1995ರಲ್ಲಿ 'ಸೌರಭ' ಅನ್ನೋ ಮನೆ ಕಟ್ಟಿದರು. ಜಲಮಂಡಳಿ ಸಂಪರ್ಕವೇ ಇಲ್ಲದೆ, ಮಳೆನೀರಲ್ಲೇ ದಶಕಗಳ ಕಾಲ ಸಂಸಾರ ನಡೆಸಿ ತೋರಿಸಿದ್ದಾರೆ.

ನಾವೂ ಶುರುಮಾಡಬಹುದು. ಮಳೆಗಾಲಕ್ಕೆ ಮುಂಚೆ ತಾರಸಿ ಚೆನ್ನಾಗಿ ಗುಡಿಸಿ. ಮೊದಲ ಮಳೆಯ ಧೂಳು ನೀರು ಬೇಡ. ಪೈಪಿನ ಕೆಳಗಿನ ಮುಚ್ಚಳ ತೆಗೆದು ಹೊರಗೆ ಬಿಡಿ. ನೀರು ತಿಳಿಯಾದ ಮೇಲೆ ಮುಚ್ಚಳ ಹಾಕಿ, ಫಿಲ್ಟರ್ ಮೂಲಕ ಸಂಪಿಗೆ ಹರಿಸಿ. ಸಂಪು ತುಂಬಿ ಮಿಕ್ಕಿದ್ದು ಇಂಗುಗುಂಡಿಗೆ.

ಕಣ್ಣಾರೆ ನೋಡಬೇಕಾ? ಜಯನಗರ 5ನೇ ಬ್ಲಾಕಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಮುಂಗಾರಿಗೆ ಮುಂಚೆ ಮಕ್ಕಳನ್ನ ಕರ್ಕೊಂಡು ಹೋಗಿಬನ್ನಿ.