ಗೆರೆಯಾಚೆ ನಿಂತವರ ಆಟ

ಬ್ಯಾಸ್ಕೆಟ್‌ಬಾಲ್ ಪಂದ್ಯವನ್ನು ಟಿ.ವಿ.ಯಲ್ಲಿ ನೋಡುವಾಗ ನಿಮ್ಮ ಕಣ್ಣು ಚೆಂಡಿನ ಹಿಂದೆಯೇ ಓಡುತ್ತದೆ. ನಮ್ಮ ಕ್ಯಾಮರಾ ಕೂಡ ಹಾಗೆಯೇ. ಅಂಕಣದ ಗೆರೆಯಾಚೆ ನಿಂತ ಒಬ್ಬರು ಮಾತ್ರ ಆಗೊಮ್ಮೆ ಈಗೊಮ್ಮೆ ಪರದೆಯ ಮೇಲೆ ಕಾಣಿಸಿ ಮರೆಯಾಗುತ್ತಾರೆ. ಅವರು ತಂಡದ ತರಬೇತುದಾರರು. ಅವರು ಚೆಂಡು ಮುಟ್ಟುವಂತಿಲ್ಲ, ಗೆರೆ ದಾಟಿ ಆಡುವಂತಿಲ್ಲ. ಆದರೂ ತಂಡ ಸೋಲುತ್ತ ಹೋದರೆ ಮೊದಲು ಹುದ್ದೆ ಬಿಡಬೇಕಾಗುವುದು ಅವರೇ. ಹಾಗಾದರೆ ಅವರು ಮಾಡುವ ಕೆಲಸವಾದರೂ ಏನು? ಯೂರೋಪಿನ ಒಬ್ಬ ವೃತ್ತಿಪರ ತರಬೇತುದಾರರ ಬದುಕಿನಿಂದಲೇ ಇದನ್ನು ತಿಳಿಯೋಣ.

ಅವರ ಹೆಸರು ಜೆಲ್ಕೊ ಒಬ್ರಾದೊವಿಚ್. 1960ರಲ್ಲಿ ಸರ್ಬಿಯದ ಚಾಚಕ್ ಪಟ್ಟಣದಲ್ಲಿ ಹುಟ್ಟಿದವರು. ಆಗ ಅದು ಯುಗೊಸ್ಲಾವಿಯಕ್ಕೆ ಸೇರಿತ್ತು. ಆಟಗಾರರಾಗಿ ಅವರು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಪದಕ ಪಡೆದ, 1990ರಲ್ಲಿ ವಿಶ್ವ ಚಾಂಪಿಯನ್ ಆದ ಯುಗೊಸ್ಲಾವಿಯ ತಂಡದಲ್ಲಿದ್ದರು. 1991ರ ಬೇಸಿಗೆಯಲ್ಲಿ ಅವರು ಯೂರೋಪಿಯನ್ ಚಾಂಪಿಯನ್‌ಷಿಪ್‌ಗಾಗಿ ರಾಷ್ಟ್ರೀಯ ತಂಡದ ಶಿಬಿರದಲ್ಲಿದ್ದಾಗ, ತಾವು ಆಡುತ್ತಿದ್ದ ಬೆಲ್‌ಗ್ರೇಡಿನ ಪಾರ್ತಿಜಾನ್ ಕ್ಲಬ್‌ನಿಂದ ಕರೆ ಬಂತು: ನಮ್ಮ ತರಬೇತುದಾರರಾಗುವಿರಾ? ಅವರಿಗೆ ಆಗ 31 ವರ್ಷ. ತರಬೇತಿ ನೀಡಿದ ಅನುಭವವಿರಲಿಲ್ಲ. ಒಪ್ಪಿಕೊಂಡು ಶಿಬಿರ ಬಿಟ್ಟರು. ಆ ಚಾಂಪಿಯನ್‌ಷಿಪ್‌ನಲ್ಲಿ ಯುಗೊಸ್ಲಾವಿಯ ಚಿನ್ನ ಗೆದ್ದಿತು; ಆ ಪದಕ ಅವರ ಪಾಲಿಗೆ ಬರಲಿಲ್ಲ.

ಅದೇ ವರ್ಷ ದೇಶದಲ್ಲಿ ಯುದ್ಧ ಹೊತ್ತಿಕೊಂಡಿತು. ಬೆಲ್‌ಗ್ರೇಡಿಗೆ ಬಂದು ಆಡುವುದು ಸುರಕ್ಷಿತವಲ್ಲವೆಂದು ಪಾರ್ತಿಜಾನ್ ತನ್ನ 'ತವರಿನ' ಪಂದ್ಯಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವನ್ನೂ ಸ್ಪೇನಿನ ಮ್ಯಾಡ್ರಿಡ್ ಬಳಿಯ ಫುಯೆನ್‌ಲಬ್ರಾದ ಎಂಬಲ್ಲಿ ಆಡಬೇಕಾಯಿತು. ತಂಡದಲ್ಲಿ ಬಹುತೇಕ ಎಳೆಯರು. ಹೊಸ ತರಬೇತುದಾರರ ಬೆನ್ನಿಗೆ ನಿಂತವರು ಹಿರಿಯ ಗುರು ಅಲೆಕ್ಸಾಂಡರ್ ನಿಕೊಲಿಚ್. ಹಿಂದೆ ಇಟಲಿಯ ವರೇಸೆ ತಂಡಕ್ಕೆ ಮೂರು ಬಾರಿ ಯೂರೋಪಿನ ಕಿರೀಟ ತಂದುಕೊಟ್ಟವರು ಅವರು.

1992ರಲ್ಲಿ ಇಸ್ತಾಂಬುಲ್‌ನಲ್ಲಿ ಫೈನಲ್. ಎದುರಾಳಿ ಸ್ಪೇನಿನ ಜುವೆಂತುತ್ ಬದಲೋನ. ಕೆಲವೇ ಸೆಕೆಂಡುಗಳು ಉಳಿದಿದ್ದಾಗ ಪಾರ್ತಿಜಾನ್ ಎರಡು ಅಂಕ ಹಿಂದಿತ್ತು. ಸಾಶಾ ಜೋರ್ಜೆವಿಚ್ ಚೆಂಡನ್ನು ಅಂಕಣದುದ್ದಕ್ಕೂ ಪುಟಿಸುತ್ತ ಓಡಿ ಮೂರು ಅಂಕಗಳ ಎಸೆತ ಎಸೆದರು. 71-70! ಆದರೆ ವಿಶ್ವಸಂಸ್ಥೆಯ ದಿಗ್ಬಂಧನದಿಂದಾಗಿ ಮರುವರ್ಷ ಆ ಚಾಂಪಿಯನ್ ತಂಡ ಯೂರೋಪಿನಲ್ಲಿ ಆಡುವಂತೆಯೇ ಇರಲಿಲ್ಲ. 1993ರಲ್ಲಿ ಒಬ್ರಾದೊವಿಚ್ ಕೆಲಸಕ್ಕೆ ಸೇರಿದ್ದು ಎಲ್ಲಿಗೆ ಗೊತ್ತೆ? ತಾವು ಒಂದೇ ಅಂಕದಿಂದ ಸೋಲಿಸಿದ್ದ ಬದಲೋನಕ್ಕೆ. 1994ರಲ್ಲಿ ಆ ತಂಡವೂ ಯೂರೋಪಿನ ಚಾಂಪಿಯನ್ ಆಯಿತು. 1995ರಲ್ಲಿ ರಿಯಲ್ ಮ್ಯಾಡ್ರಿಡ್‌ನ ಸರದಿ.

ಈಗ ನಮ್ಮ ಪ್ರಶ್ನೆಗೆ ಬರೋಣ. ಆಟಗಾರರು ಬೇರೆ, ಭಾಷೆ ಬೇರೆ, ಆದರೆ ಗೆಲುವು ಅದೇ. ಇದರ ಗುಟ್ಟೇನು?

ಬ್ಯಾಸ್ಕೆಟ್‌ಬಾಲ್‌ನ ಒಂದು ಸಾಮಾನ್ಯ ತಂತ್ರ 'ಪಿಕ್ ಅಂಡ್ ರೋಲ್'. ಚೆಂಡು ಹಿಡಿದವನಿಗೆ ಒಬ್ಬ ಎದುರಾಳಿ ನೆರಳಿನಂತೆ ಅಂಟಿಕೊಂಡಿದ್ದಾನೆ ಎಂದುಕೊಳ್ಳಿ. ಆಗ ಚೆಂಡಿನವನ ಜೊತೆಗಾರ ಬಂದು ಆ ಎದುರಾಳಿಯ ದಾರಿಗೆ ಕಂಬದಂತೆ ನಿಲ್ಲುತ್ತಾನೆ. ಎದುರಾಳಿ ಒಂದು ಹೆಜ್ಜೆ ಹಿಂದೆ ಬೀಳುತ್ತಾನೆ. ತಕ್ಷಣ 'ಕಂಬ' ತಿರುಗಿ ಬುಟ್ಟಿಯತ್ತ ಓಡುತ್ತದೆ. ಈಗ ಎದುರಾಳಿಗಳಿಬ್ಬರೂ ಚೆಂಡಿನವನನ್ನೇ ಮುತ್ತಿದರೆ ಓಡಿದವನು ಬಿಡುವಾಗಿರುತ್ತಾನೆ. ಇಬ್ಬರೂ ಓಡಿದವನ ಹಿಂದೆ ಹೋದರೆ ಚೆಂಡಿನವನಿಗೇ ದಾರಿ ತೆರೆಯುತ್ತದೆ. ಮೂರನೆಯವನು ನೆರವಿಗೆ ಬಂದರೆ ಅವನು ಬಿಟ್ಟುಬಂದ ಆಟಗಾರ ಮೂಲೆಯಲ್ಲಿ ಒಂಟಿಯಾಗಿ ಸಿಗುತ್ತಾನೆ. ಇವುಗಳಲ್ಲಿ ಯಾವುದು ನಡೆಯುತ್ತಿದೆ ಎಂಬುದನ್ನು ಚೆಂಡಿನವನು ಕಣ್ಣು ಮಿಟುಕಿಸುವಷ್ಟರಲ್ಲಿ ಗ್ರಹಿಸಬೇಕು.

ಗೆರೆಯಾಚೆಯಿಂದ ಕೂಗಿ ಹೇಳಲು ಆಗ ಸಮಯವೆಲ್ಲಿ? ಅಂತಾರಾಷ್ಟ್ರೀಯ ನಿಯಮದಂತೆ 40 ನಿಮಿಷಗಳ ಪಂದ್ಯದಲ್ಲಿ ತಂಡವೊಂದಕ್ಕೆ ಸಿಗುವುದು ಒಂದೊಂದು ನಿಮಿಷದ ಐದು ಟೈಮ್‌ಔಟ್‌ಗಳು. ಆದ್ದರಿಂದ ತರಬೇತುದಾರರ ನಿಜವಾದ ಕೆಲಸ ಪಂದ್ಯಕ್ಕೆ ಮುಂಚೆಯೇ ಮುಗಿದಿರಬೇಕು. ಅವರು ಕಲಿಸುವುದು ಬರಿಯ ಚಲನೆಯನ್ನಲ್ಲ, ತೀರ್ಮಾನವನ್ನು. ಹೀಗೆ ಕಲಿತ ಪಾಠ ನಿಯಮ ಬದಲಾದರೂ ಉಳಿಯುತ್ತದೆ. ದಾಳಿಗೆ ಇದ್ದ 30 ಸೆಕೆಂಡಿನ ಅವಧಿ 2000ದಲ್ಲಿ 24ಕ್ಕೆ ಇಳಿಯಿತು. 2010ರಲ್ಲಿ ಮೂರು ಅಂಕಗಳ ಗೆರೆ 6.25 ಮೀಟರ್‌ನಿಂದ 6.75 ಮೀಟರ್‌ಗೆ ಸರಿಯಿತು. ಈ ನಡುವೆ ಗ್ರೀಸಿನ ಪಾನಾಥಿನೈಕೋಸ್ ತಂಡವನ್ನು ಒಬ್ರಾದೊವಿಚ್ 2000, 2002, 2007, 2009 ಮತ್ತು 2011ರಲ್ಲಿ ಗೆಲ್ಲಿಸಿದರು.

ಸೋಲುಗಳೂ ಕಡಿಮೆಯಲ್ಲ. 2005ರಲ್ಲಿ ತಾಯ್ನಾಡಿನಲ್ಲೇ ನಡೆದ ಯೂರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ ಅವರ ರಾಷ್ಟ್ರೀಯ ತಂಡ ಕ್ವಾರ್ಟರ್‌ಫೈನಲ್ ಕೂಡ ತಲುಪಲಿಲ್ಲ. ಆಟಗಾರರ ಒಳಜಗಳವನ್ನು ಬಹಿರಂಗವಾಗಿ ಹೇಳಿ ಹುದ್ದೆ ಬಿಟ್ಟರು. ಯೂರೋಲೀಗ್‌ನಲ್ಲಂತೂ ಇಡೀ ವರ್ಷದ ದುಡಿಮೆ ಕೊನೆಗೆ ಒಂದು ಸೆಮಿಫೈನಲ್, ಒಂದು ಫೈನಲ್‌ನಲ್ಲಿ ತೀರ್ಮಾನವಾಗುತ್ತದೆ. 2016ರಲ್ಲಿ ಅವರು ನಡೆಸುತ್ತಿದ್ದ ಟರ್ಕಿಯ ಫೆನರ್‌ಬಾಚೆ, ಫೈನಲ್‌ನ ಹೆಚ್ಚುವರಿ ಅವಧಿಯಲ್ಲಿ ಮಾಸ್ಕೋದ ಸಿ.ಎಸ್.ಕೆ.ಎ.ಗೆ ಸೋತಿತು. ಗೆದ್ದ ತಂಡದ ತರಬೇತುದಾರ ದಿಮಿತ್ರಿಸ್ ಇಟೂಡಿಸ್, ಪಾನಾಥಿನೈಕೋಸ್‌ನಲ್ಲಿ ಒಬ್ರಾದೊವಿಚ್ ಅವರಿಗೇ ಸಹಾಯಕರಾಗಿದ್ದವರು! ಮರುವರ್ಷ ಫೆನರ್‌ಬಾಚೆ ಗೆದ್ದಿತು. ಐದು ಕ್ಲಬ್‌ಗಳು, ಒಂಬತ್ತು ಕಿರೀಟಗಳು. ಇಷ್ಟು ಬಾರಿ ಗೆದ್ದ ತರಬೇತುದಾರರು ಯೂರೋಪಿನಲ್ಲಿ ಮತ್ತೊಬ್ಬರಿಲ್ಲ. ಇಂಥವರೂ 2021ರಲ್ಲಿ ಪಾರ್ತಿಜಾನ್‌ಗೆ ಮರಳಿ, ಸೋಲುಗಳು ಕೂಡಿಬಂದಾಗ 2025ರ ನವೆಂಬರಿನಲ್ಲಿ ರಾಜೀನಾಮೆ ಕೊಟ್ಟರು. ಈ ವೃತ್ತಿಯಲ್ಲಿ ಹಳೆಯ ಗೆಲುವು ಇಂದಿನ ಹುದ್ದೆಯನ್ನು ಕಾಯುವುದಿಲ್ಲ.

ಆದರೆ ಕಲಿಸಿದ್ದು ಉಳಿಯುತ್ತದೆ. 2025ರಲ್ಲಿ ಫೆನರ್‌ಬಾಚೆಗೆ ಎರಡನೆಯ ಯೂರೋಲೀಗ್ ಕಿರೀಟ ತಂದ ಶಾರೂನಾಸ್ ಯಸಿಕೆವಿಚಿಯುಸ್ 2009ರಲ್ಲಿ ಒಬ್ರಾದೊವಿಚ್ ಅವರ ಕೈಕೆಳಗೆ ಆಡಿ ಗೆದ್ದವರು.

ನಿಮ್ಮ ಶಾಲೆ ಅಥವಾ ಕಾಲೇಜಿನ ಅಂಕಣದಲ್ಲಿ ಆರು ಮಂದಿ ಸೇರಿ, ಮೇಲೆ ಹೇಳಿದ ಮೂರು ದಾರಿಗಳನ್ನು ಮೊದಲು ನಿಧಾನವಾಗಿ ನಡೆದು ನೋಡಿ. ಆಮೇಲೆ ಓಡಿ ನೋಡಿ. ತೀರ್ಮಾನ ಎಲ್ಲಿ ತಡವಾಗುತ್ತದೆಂದು ಗಮನಿಸಿ. ತರಬೇತುದಾರರ ಕೆಲಸ ಶುರುವಾಗುವುದು ಅಲ್ಲಿಂದಲೇ.